ಗಚ್ಚು

ಚಂದ್ರಬಂಡದ ಕಡೆ ದೊಡ್ಡವರ ಮನೆಗೋಡೆಗೆ ಗಚ್ಚು ಹಿಡಿಸಿದ ಕೈಗಳಲ್ಲಿ ನಮ್ಮವೂ ಇದ್ದವು. ಗೌಂಡಿ ಕರಣಿ ಹಿಡಿದರೆ ನಾವು ಬುಟ್ಟಿ ಹೊತ್ತೆವು. ಹೊತ್ತು ಹೊತ್ತು ಅಪ್ಪ ಕರಣಿಯನ್ನೂ ಕಲಿತ. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಕೊತಕೊತ ಕುದಿಯುತ್ತದೆ. ದಿನಗಟ್ಟಲೆ ನೆನೆಹಾಕಿ, ಉಸುಕು ಸೇರಿಸಿ, ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿ ನೀರು ಬೆರೆಸಬೇಕು. ಗೋಡೆ ಬೆಲ್ಲ ತಿಂತು, ನಮ್ಮ ಕೂಸುಗಳು ನೋಡಿದವು. ಅವ್ವನ ಬೆರಳ ಸಂದಿಯನ್ನು ಸುಣ್ಣ ತಿಂತು. ಕೊನೇ ಪದರ ತಿಕ್ಕಿ ಗೋಡೆ ಕನ್ನಡಿ ಹಂಗ ಹೊಳೆದ ದಿನವೇ ನಮಗೆ ಆ ಹೊಸ್ತಿಲು ಮುಚ್ಚುತ್ತಿತ್ತು.

ರಾಯಚೂರು ಕೋಟೆಯ ಒಳಗೋಡೆಗೆ ಗಚ್ಚೇ ಇಲ್ಲ, ಕಲ್ಲಿನ ಮೇಲೆ ಕಲ್ಲು ಕೂತಿದೆ. 1294ರ ಶಾಸನದ ಕಲ್ಲು 41 ಅಡಿಗೂ ಉದ್ದ. ಅದನ್ನು ಬಂಡಿಯಲ್ಲಿ ಎಳೆದು ತಂದ ಚಿತ್ರ ಅಲ್ಲೇ ಕೆತ್ತಿದ್ದಾರೆ. ಶಾಸನದಲ್ಲಿ ಗೋರೆ ಗನ್ನಯ ರೆಡ್ಡಿಯ ಹೆಸರಿದೆ. ಸನ್ನೆಗೋಲು ಹಾಕಿದವರ ಹೆಸರು?

ಈಗ ಹಳೇ ಗೋಡೆ ಬಿರಿದರೆ ಸಿಮೆಂಟು ಮೆತ್ತುತ್ತಾರೆ. ಸುಣ್ಣ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟು ಬಿಡುವುದಿಲ್ಲ. ಒಳಗೆ ಉಪ್ಪು ಉಬ್ಬಿ ಪದರ ಉದುರುತ್ತದೆ. ಆಗ ಅಪ್ಪನಿಗೆ ಕರೆ. ಬಿ.ಎ. ಓದಿದ ನಾವೂ ಜೊತೆಗೆ ಹೋದೆವು. ಹಿತ್ತಲ ಬಾಗಿಲು ತೋರಿಸಿದರು. ಅಪ್ಪ ಕದಲಲಿಲ್ಲ.

"ಬಿರುಕು ನಡುಮನ್ಯಾಗ ಐತ್ರಿ ಧಣಿ. ಮುಂದಿನ ಬಾಗಿಲ ತೆಗೀರಿ, ಇಲ್ಲಂದ್ರ ನೀವೇ ಮೆತ್ಕೋರಿ."

ಮೂರು ದಿನವಾಯಿತು. ಕರಣಿ ಇನ್ನೂ ನಮ್ಮ ಮನೆಯ ಗೂಡಿನಲ್ಲೇ ಇದೆ.