ಕೀಲ್ಪಾಕಿನಲ್ಲಿ ಒಂದು ಕೋವಿ

ಆಯುಧಪೂಜೆಯ ಹಿಂದಿನ ದಿನ ನಮ್ಮ ಕೀಲ್ಪಾಕಿನ ಬೀದಿಯಲ್ಲಿ ಆಟೋಗಳಿಗೆ ಸ್ನಾನ. ಮೂಲೆಯ ಅಂಗಡಿಯ ಮುಂದೆ ಬೂದುಗುಂಬಳದ ರಾಶಿ, ಪಕ್ಕದಲ್ಲಿ ಪೊರಿ, ಕಡಲೆ, ಬಾಳೆಕಂದು. ಕೆಳಗಿನ ಮನೆಯವರು ಮಿಕ್ಸಿಯಿಂದ ಹಿಡಿದು ಲ್ಯಾಪ್‌ಟಾಪ್‌ವರೆಗೆ ಎಲ್ಲವನ್ನೂ ಒರೆಸಿಡುತ್ತಾರೆ. ಮೂರನೇ ಮಹಡಿಯ ನಾನು ಮಾತ್ರ ಬಾಗಿಲು ಹಾಕಿ, ಕಿಟಕಿಯ ಪರದೆ ಎಳೆದು, ನೆಲಕ್ಕೆ ಹಳೆಯ ಬೆಡ್‌ಶೀಟ್ ಹಾಸಿ, ಅಪ್ಪನ ಕೋವಿ ಬಿಚ್ಚುತ್ತೇನೆ.

ಪರದೆ ಎಳೆಯುವುದು ನನ್ನ ಹೆಂಡತಿಯ ಆಜ್ಞೆ. ಕೀಲ್ಪಾಕ್ ಅಂದರೆ ಮದ್ರಾಸಿನವರಿಗೆ ಮೊದಲು ನೆನಪಾಗುವುದು ಇಲ್ಲಿನ ಮಾನಸಿಕ ಆಸ್ಪತ್ರೆ. ಅದರ ಮೂಲ 1794ರಷ್ಟು ಹಳೆಯದು. ಯಾರಾದರೂ ಸ್ವಲ್ಪ ವಿಚಿತ್ರವಾಗಿ ನಡೆದುಕೊಂಡರೆ 'ಕೀಲ್ಪಾಕ್ ಕೇಸ್' ಅನ್ನುವುದು ಇಲ್ಲಿನ ಹಳೆಯ ತಮಾಷೆ. "ಕೋವಿ ಹಿಡಕೊಂಡು ಕೂತದ್ದು ಎದುರು ಮನೆಯವರು ನೋಡಿದ್ರೆ ನಿಮ್ಮನ್ನ ಎಲ್ಲಿಗೆ ಸೇರಿಸಬೇಕು ಅಂತ ಅಡ್ರೆಸ್ ಕೇಳೋದೇ ಬೇಡ ರೀ" ಅನ್ನುತ್ತಾಳೆ.

ನಮ್ಮದು ಸಕಲೇಶಪುರದ ಕಡೆಯ ಕಾಫಿ ತೋಟದ ಮನೆ. ನಾನು ಬ್ಯಾಂಕ್ ಕೆಲಸ ಹಿಡಿದು 1981ರಲ್ಲಿ ಮದ್ರಾಸಿಗೆ ಬಂದವನು ಇಲ್ಲೇ ಉಳಿದೆ. ತೋಟ ಅಣ್ಣನ ಪಾಲಿಗೆ. ಮಲೆನಾಡಿನ ತೋಟದ ಮನೆಗಳಲ್ಲಿ ಕೋವಿ ಎನ್ನುವುದು ಹಾರೆ, ಗುದ್ದಲಿ, ಕತ್ತಿಗಳ ಜೊತೆಗೇ ಲೆಕ್ಕ. ಬೆಳೆ ಕಾಯಲು ಲೈಸೆನ್ಸ್ ಕೊಡುತ್ತಿದ್ದರು. ನಮ್ಮ ತಾತನ ಕಾಲದಲ್ಲಿ ಇದ್ದದ್ದು ಕೇಪಿನ ಕೋವಿ. ಮೂತಿಯಿಂದ ಮಸಿ ತುಂಬಿ ಗಜದಲ್ಲಿ ಜಡಿಯುವಂಥದ್ದು. ಅಪ್ಪನ ಕಾಲಕ್ಕೆ ಜೋಡಿ ನಳಿಗೆಯ ತೋಟಾ ಕೋವಿ ಬಂತು. ವನ್ಯಜೀವಿ ಕಾಯಿದೆ 1972ರಲ್ಲಿ ಬಂದ ಮೇಲೆ ಅಪ್ಪ ಶಿಕಾರಿ ಬಿಟ್ಟರು. ಆಮೇಲೆ ನಮ್ಮ ಮನೆಯ ಕೋವಿಗೆ ಇದ್ದ ಕೆಲಸ ಒಂದೇ. ರಾತ್ರಿ ಗದ್ದೆಗೆ ಹಂದಿ ನುಗ್ಗಿದರೆ ಆಕಾಶಕ್ಕೆ ಒಂದು ಸದ್ದು.

1995ರಲ್ಲಿ ಅಪ್ಪ ಪಂಪ್ ಆಕ್ಷನ್ ಕೋವಿಯೊಂದನ್ನು ಕೊಂಡರು. ಅವರಿಗೆ ಆಗ ಅರವತ್ತೈದು. ಕೈಗಂಟು ನೋವು. ಜೋಡಿ ನಳಿಗೆಯನ್ನು ಮುರಿದು ಕತ್ತಲಲ್ಲಿ ತೋಟಾ ತುಂಬುವುದು ಕಷ್ಟವಾಗುತ್ತಿತ್ತು. ಇದರಲ್ಲಾದರೆ ನಳಿಗೆಯ ಕೆಳಗೆ ಇನ್ನೊಂದು ಕೊಳವೆ. ಅದರೊಳಗೆ ಒಂದರ ಹಿಂದೊಂದು ನಾಲ್ಕು ತೋಟಾ ಕೂರುತ್ತವೆ. ಮುಂದಿನ ಮರದ ಹಿಡಿಯನ್ನು ಹಿಂದಕ್ಕೆ ಎಳೆದರೆ ಸುಟ್ಟ ತೋಟಾ ಹೊರಗೆ, ಮುಂದಕ್ಕೆ ತಳ್ಳಿದರೆ ಹೊಸದು ಒಳಗೆ. ಎರಡೂ ಹನ್ನೆರಡು ಬೋರಿನವೇ. ಅಂದರೆ ಆ ನಳಿಗೆಯ ಅಳತೆಯ ಸೀಸದ ಗುಂಡು ಹನ್ನೆರಡು ಸೇರಿದರೆ ಒಂದು ಪೌಂಡ್. ಹದಿನೆಂಟೂವರೆ ಮಿಲಿಮೀಟರ್ ಹತ್ತಿರದ ತೂತು.

ಆದರೆ ಅಪ್ಪ ಹೊಸದನ್ನು ಪೂರ್ತಿ ನಂಬಲಿಲ್ಲ. "ಜೋಡಿ ನಳಿಗೆ ಸಾಚಾ ಮನುಷ್ಯನ ಹಾಗೆ ಕಣೋ. ಮುರಿದ್ರೆ ಒಳಗಿದ್ದದ್ದೆಲ್ಲ ಕಾಣ್ತದೆ. ಇದು ಹೊಟ್ಟೇಲಿ ಇಟ್ಕೊಳ್ಳುವ ಜಾತಿ" ಅನ್ನುತ್ತಿದ್ದರು. ಅದರ ಅರ್ಥ ನನಗೆ ಆದದ್ದು 1998ರಲ್ಲಿ.

ಆ ವರ್ಷ ದೀಪಾವಳಿಗೆ ಊರಿಗೆ ಹೋಗಿದ್ದೆವು. ಮಗನಿಗೆ ಐದು ವರ್ಷ. ಮುಸ್ಸಂಜೆ ಗದ್ದೆಯ ಕಡೆ ಹಂದಿ ಬಂತೆಂದು ಆಳು ಕೂಗಿದ. ಅಪ್ಪ ನಾಲ್ಕು ತೋಟಾ ತುಂಬಿಕೊಂಡು ಹೋಗಿ ಒಂದು ಹೊಡೆದು ಬಂದರು. ಜಗಲಿಯಲ್ಲಿ ಕೋವಿಯನ್ನು ನನ್ನ ಕೈಗೆ ಕೊಟ್ಟು, "ಖಾಲಿ ಮಾಡಿ ಒರೆಸಿಡು" ಅಂತ ಕೈಕಾಲು ತೊಳೆಯಲು ಬಚ್ಚಲಿಗೆ ಹೋದರು. ಮಗ ನನ್ನ ತೊಡೆಗೆ ಒರಗಿ ಕೂತ. ಬಟ್ಟೆ ಚೂರು ಎತ್ತಿಕೊಡುವ ಕೆಲಸ ಅವನದು. ನಾನು ಹಿಡಿಯನ್ನು ಎಳೆದೆ, ತಳ್ಳಿದೆ. ಸುಟ್ಟದ್ದೊಂದು ಬಿತ್ತು. ಆಮೇಲೆ ಒಂದೊಂದಾಗಿ ಎರಡು ಹಸಿ ತೋಟಾ ಬಿದ್ದವು. ಇನ್ನೊಮ್ಮೆ ಎಳೆದೆ, ಏನೂ ಬರಲಿಲ್ಲ. ಒಳಗೆ ಬಗ್ಗಿ ನೋಡಿದೆ, ಏನೂ ಕಾಣಲಿಲ್ಲ. ಖಾಲಿ ಅಂದುಕೊಂಡೆ.

ಅಷ್ಟರಲ್ಲಿ ಅಮ್ಮ ಒಳಗಿನಿಂದ ಹಾಲು ಕುಡಿಯಲು ಮೊಮ್ಮಗನನ್ನು ಕರೆದರು. ಅವನು ಎದ್ದು ಓಡಿದ.

ನಾಲ್ಕರಲ್ಲಿ ಒಂದು ಹೊಡೆದದ್ದು, ಎರಡು ಬಿದ್ದದ್ದು. ಉಳಿದದ್ದೆಷ್ಟು? ದಿನಕ್ಕೆ ಲಕ್ಷಗಟ್ಟಲೆ ಎಣಿಸುವ ಬ್ಯಾಂಕಿನವನು ನಾನು. ಈ ಒಂದು ಲೆಕ್ಕ ಮಾಡಲಿಲ್ಲ. ಆ ವರ್ಷದ ಮಳೆಗಾಲವೆಲ್ಲ ಬಿಚ್ಚದೆ ಇಟ್ಟಿದ್ದ ಕೋವಿ. ಕೆಳಗಿನ ಕೊಳವೆಯೊಳಗೆ ತುಕ್ಕು ಹಿಡಿದು, ತೋಟಾ ತಳ್ಳುವ ಸ್ಪ್ರಿಂಗ್ ಸಿಕ್ಕಿಕೊಂಡಿತ್ತು. ನಾಲ್ಕನೆಯದು ಅಲ್ಲೇ ನಿಂತಿತ್ತು. ಹಿಡಿ ಹಿಂದಕ್ಕೇ ಇದ್ದಾಗ ನಾನು ಕೋವಿಯ ಬುಡವನ್ನು ನೆಲಕ್ಕೆ ಊರಿದೆ. ಆ ಏಟಿಗೆ ಅದು ಸಡಿಲವಾಗಿ ಜಾರಿ ಬಂದಿರಬೇಕು. ಹಿಡಿಯನ್ನು ಮುಂದಕ್ಕೆ ತಳ್ಳಿ, ಸ್ಪ್ರಿಂಗ್ ಸಡಿಲವಾಗಲಿ ಅಂತ ಎಲ್ಲರೂ ಮಾಡುವ ಹಾಗೆ ಕುದುರೆ ಎಳೆದೆ.

ಜಗಲಿಯ ಮಾಡಿನ ಒಂದು ಹೆಂಚು ಪುಡಿಯಾಗಿ ನನ್ನ ತಲೆಯ ಮೇಲೆ ಸುರಿಯಿತು. 'ಮೂತಿ ಯಾವತ್ತೂ ಆಕಾಶಕ್ಕೆ' ಅಂತ ಚಿಕ್ಕಂದಿನಿಂದ ಅಪ್ಪ ಹೇಳಿ ಹೇಳಿ ಕೈಗೆ ಆ ಅಭ್ಯಾಸ ಉಳಿದಿತ್ತು. ನನ್ನನ್ನು ಕಾಪಾಡಿದ್ದು ಅದೊಂದೇ. ಮಗ ಹಾಲಿನ ಲೋಟ ಹಿಡಿದೇ ಓಡಿ ಬಂದ. ಬಚ್ಚಲಿನಿಂದ ಒದ್ದೆ ಕಾಲಲ್ಲಿ ಬಂದ ಅಪ್ಪ ನನ್ನ ಮುಖ ನೋಡಿದರು, ಮಾಡು ನೋಡಿದರು, ಮೊಮ್ಮಗನನ್ನು ಎತ್ತಿಕೊಂಡು "ಗರ್ನಾಲು ಕಣೋ ಪುಟ್ಟ, ನಿಮ್ಮಪ್ಪ ಗರ್ನಾಲು ಹೊಡೆದ" ಅಂದರು. ದೀಪಾವಳಿಯಲ್ಲವೇ, ಅವನು ನಂಬಿದ.

ಬೈಯಲಿಲ್ಲ. ರಾತ್ರಿ ಊಟವಾದ ಮೇಲೆ ಚಾಪೆ ಹಾಸಿ, ಲಾಟೀನು ತಂದಿಟ್ಟು, "ಬಿಚ್ಚು" ಅಂದರು. ಅವತ್ತು ಕಲಿತದ್ದನ್ನೇ ಇವತ್ತಿಗೂ ಮಾಡುತ್ತಿದ್ದೇನೆ. ಮೊದಲು ಹಿಡಿ ಹಿಂದಕ್ಕೆ ಎಳೆದು ನಳಿಗೆಯ ಬುಡ ನೋಡುವುದು. ಕಣ್ಣಿಂದ ನೋಡಿದ್ದು ಸಾಲದು, ಕಿರುಬೆರಳು ಹಾಕಿ ಮುಟ್ಟುವುದು. ಆಮೇಲೆ ಕೆಳಗಿನ ಕೊಳವೆಯ ಬಾಯಿಗೂ ಬೆರಳು ಹಾಕಿ, ತಗಡಿನ ಬಿಲ್ಲೆ ಬೆರಳಿಗೆ ತಾಗುವವರೆಗೆ ಒತ್ತುವುದು. ಅದು ತಾಗಿದರೆ ಮಾತ್ರ ಖಾಲಿ. ಮುಂದಿನ ತಿರುಪು ಬಿಚ್ಚಿದರೆ ನಳಿಗೆ ಕೈಗೆ ಬರುತ್ತದೆ. ಪಕ್ಕದ ಎರಡು ಕಡ್ಡಿಗಳನ್ನು ತಳ್ಳಿದರೆ ಕುದುರೆಯ ಇಡೀ ಗಂಟು ಕೆಳಗಿಳಿಯುತ್ತದೆ. ಕೊಳವೆಯ ಸ್ಪ್ರಿಂಗ್ ತೆಗೆಯುವಾಗ ಅಂಗೈಯಿಂದ ಮುಚ್ಚಿಕೊಂಡಿರಬೇಕು. ಇಲ್ಲದಿದ್ದರೆ ಹಾವಿನ ಹಾಗೆ ಹಾರಿ ಮುಖಕ್ಕೆ ಬಡಿಯುತ್ತದೆ. ನಳಿಗೆಗೆ ಗಜದ ತುದಿಗೆ ಬ್ರಷ್ ಸಿಕ್ಕಿಸಿ ಹಾಯಿಸಿ, ಬಟ್ಟೆ ಬಿಳಿಯಾಗಿ ಹೊರಬರುವವರೆಗೆ ಒರೆಸುವುದು. ಕೊನೆಗೆ ಹೊಲಿಗೆ ಯಂತ್ರದ ಎಣ್ಣೆ, ಅದೂ ತೆಳ್ಳಗೆ. ತೆಂಗಿನೆಣ್ಣೆ ಹಚ್ಚಬಾರದು, ಅಂಟಾಗಿ ಕೂರುತ್ತದೆ.

ಅಪ್ಪ ಒಡೆದ ಜಾಗಕ್ಕೆ ಇನ್ನೊಂದು ಹೆಂಚು ಹಾಕಿಸಲಿಲ್ಲ. ಸಕಲೇಶಪುರದ ಪೇಟೆಯಿಂದ ಒಂದು ಗಾಜಿನ ಹೆಂಚು ತಂದು ಕೂರಿಸಿದರು. ಯಾರಾದರೂ ಕೇಳಿದರೆ "ಪೇಪರ್ ಓದೋಕೆ ಬೆಳಕು ಬೇಕು" ಅನ್ನುತ್ತಿದ್ದರು. ಮುಂದೆ ಹತ್ತೊಂಬತ್ತು ವರ್ಷ ಅವರು ಆ ಬೆಳಕಿನಲ್ಲೇ ಪೇಪರ್ ಓದಿದರು. ನಾನು ಊರಿಗೆ ಹೋದಾಗಲೆಲ್ಲ ಜಗಲಿಯಲ್ಲಿ ಅದರ ಕೆಳಗೆ ಕೂರುತ್ತಿರಲಿಲ್ಲ.

2017ರಲ್ಲಿ ಅಪ್ಪ ತೀರಿಕೊಂಡರು. ಜೋಡಿ ನಳಿಗೆ ಅಣ್ಣನಿಗೆ, ಪಂಪ್ ನನಗೆ ಅಂತ ಮೊದಲೇ ಹೇಳಿದ್ದರು. ವಾರಸುದಾರರಿಗೆ ಲೈಸೆನ್ಸ್ ಕೊಡಲು 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಅವಕಾಶವಿದೆ. ಊರಲ್ಲಾದರೆ ಜಿಲ್ಲಾಧಿಕಾರಿ, ಚೆನ್ನೈ ನಗರದಲ್ಲಾದರೆ ಪೊಲೀಸ್ ಕಮಿಷನರ್. ಕಾಗದ ಪತ್ರ ಮುಗಿದು ಕೋವಿ ಕೀಲ್ಪಾಕಿಗೆ ಬರುವಷ್ಟರಲ್ಲಿ ವರ್ಷದ ಮೇಲಾಯಿತು. ಬಂದ ಮೇಲೂ ಮನೆಯಲ್ಲಿ ನಿಂತದ್ದು ಕಡಿಮೆ. 2019, 2021, 2024, ಒಂದೊಂದು ಚುನಾವಣೆಗೂ ಠೇವಣಿ ಇಟ್ಟು ರಸೀದಿ ತರುವುದು. 2024ರಲ್ಲಿ ಇಲ್ಲಿ ಮತದಾನ ಏಪ್ರಿಲ್ 19ಕ್ಕೇ ಮುಗಿದರೂ ಎಣಿಕೆ ಜೂನ್ 4ಕ್ಕೆ. ವಾಪಸ್ ಸಿಕ್ಕಾಗ ನಳಿಗೆಯ ಮೇಲೆ ಕಂದು ಚುಕ್ಕೆಗಳು. ಯಾರನ್ನು ದೂರುವುದು? ಈ ಊರಿನ ಸಮುದ್ರದ ಗಾಳಿಗೆ ಕಿಟಕಿಯ ಸರಳೇ ಉಳಿಯುವುದಿಲ್ಲ.

ಕೋವಿ ಬೀಗ ಹಾಕಿದ ಕಬ್ಬಿಣದ ಬೀರುವಿನಲ್ಲಿದೆ. ಇಲ್ಲಿಗೆ ಬಂದ ಮೇಲೆ ನಾನು ಒಂದು ತೋಟಾವನ್ನೂ ಕೊಂಡಿಲ್ಲ. ಕೀಲ್ಪಾಕಿನಲ್ಲಿ ಹಂದಿ ಬರುವುದಿಲ್ಲ. ಮತ್ತೆ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಹೆಂಡತಿ ಕೇಳಿದಾಗಲೆಲ್ಲ "ಅಪ್ಪನದು" ಅನ್ನುತ್ತಿದ್ದೆ. ಅದು ಅರ್ಧ ಉತ್ತರ ಎಂದು ನನಗೆ ಗೊತ್ತಿತ್ತು.

ಮುಂದಿನ ವರ್ಷ ನನಗೆ ಎಪ್ಪತ್ತು. ಎಪ್ಪತ್ತಾದವರು ಬದುಕಿರುವಾಗಲೇ ವಾರಸುದಾರರಿಗೆ ಕೋವಿ ಕೊಡಬಹುದು ಎಂದು ಅದೇ ನಿಯಮ ಹೇಳುತ್ತದೆ. ಈ ಸಲ ಮಗ ಹಬ್ಬಕ್ಕೆ ಒಂದು ದಿನ ಮೊದಲೇ ಬಂದಿದ್ದ. ಓಎಂಆರ್‌ನಲ್ಲಿ ಕೆಲಸ. ಸೊಸೆ ಇಲ್ಲಿಯವಳೇ. ಮೊಮ್ಮಗ ಪರದೆ ಎಳೆದದ್ದು ನೋಡಿಯೇ "ತಾತಾ, ತುಪ್ಪಾಕಿ!" ಅಂತ ಕುಣಿದ. ನಾವು ಊರಲ್ಲಿ ತುಪಾಕಿ ಅನ್ನುವುದನ್ನೇ ಅವನು ತಮಿಳಿನಲ್ಲಿ ಸ್ವಲ್ಪ ಒತ್ತಿ ಹೇಳುತ್ತಾನೆ. ಅವನಿಗೂ ಈಗ ಐದು ವರ್ಷ. ಬಟ್ಟೆ ಚೂರು ಎತ್ತಿಕೊಡಲು ನನ್ನ ತೊಡೆಯ ಪಕ್ಕ ಬಂದು ಕೂತ.

ನನ್ನ ಕೈ ಮುಂದಕ್ಕೆ ಹೋಗಲಿಲ್ಲ. ಖಾಲಿ ಎಂದು ಎರಡು ಸಲ ಬೆರಳು ಹಾಕಿ ನೋಡಿದ್ದೆ, ಮನೆಯಲ್ಲಿ ತೋಟಾವೇ ಇಲ್ಲ ಎಂದೂ ಗೊತ್ತಿತ್ತು. ಆದರೂ ಸೊಸೆಯನ್ನು ಕರೆದು ಮಗುವನ್ನು ಕೆಳಗೆ ಆಟೋ ನೋಡಲು ಕಳಿಸಿದೆ. ಮಗ ವಿಚಿತ್ರವಾಗಿ ನೋಡಿದ. ಅವನಿಗೆ ಹೇಳಿದೆ. ಇಪ್ಪತ್ತೇಳು ವರ್ಷದ ನಂತರ ಮೊದಲನೆಯ ಸಲ.

ಅವನು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ. "ಆ ಗಾಜಿನ ಹೆಂಚು ಅದಾ? ತಾತ ಪೇಪರ್ ಓದೋಕೆ ಅಂದಿದ್ರು."

"ಅದೇ."

ಅವನೇ ಗಜ ಎತ್ತಿಕೊಂಡ. ನಾನು ಹೇಳುತ್ತಾ ಹೋದೆ, ಅವನು ಮಾಡುತ್ತಾ ಹೋದ. ಸ್ಪ್ರಿಂಗ್ ಒಂದು ಸಲ ಹಾರಿ ಸೋಫಾದ ಕೆಳಗೆ ಹೋಯಿತು. ಇಬ್ಬರೂ ಬಗ್ಗಿ ಹುಡುಕಿದೆವು. ಒರೆಸಿದ ನಳಿಗೆಯನ್ನು ಪರದೆಯ ಸಂದಿನ ಬೆಳಕಿಗೆ ಹಿಡಿದು ಒಳಗೆ ನೋಡಿದ. ನಾನೂ ನೋಡಿದೆ. ಚುಕ್ಕೆಗಳು ಹೊರಗಡೆಯವು ಮಾತ್ರ, ಒಳಗೆ ಶುದ್ಧವಾಗಿತ್ತು.

ಜೋಡಿಸಿ ಮುಗಿದ ಮೇಲೆ ಅವನು ಹೇಳಿದ: "ಅಪ್ಪಾ, ಬೇಜಾರು ಮಾಡ್ಕೋಬೇಡಿ. ನಂಗೆ ಇದು ಬೇಡ. ಬಿಚ್ಚೋದು ಕಲ್ತೆ, ಅಷ್ಟು ಸಾಕು."

ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಗಳಿಗೆ ಅಪ್ಪನ ಮುಖ ಕಣ್ಣ ಮುಂದೆ ಬಂತು. ಆದರೆ ಭುಜದ ಮೇಲಿಂದ ಏನೋ ಇಳಿದ ಹಾಗೂ ಆಯಿತು. ಅಷ್ಟು ವರ್ಷ ಆ ಕೋವಿಯನ್ನು ನಾನು ಅಪ್ಪನ ನೆನಪಿಗೆ ಇಟ್ಟುಕೊಂಡಿದ್ದೆನೋ, ಅಥವಾ ಅವತ್ತಿನ ಲೆಕ್ಕ ಮರೆಯಬಾರದೆಂದು ಇಟ್ಟುಕೊಂಡಿದ್ದೆನೋ. ಎರಡನೆಯದೇ ಹೆಚ್ಚು ನಿಜ. ಅದನ್ನು ಮಗನಿಗೆ ಹೇಳಿಯಾಗಿತ್ತು.

ಮರುದಿನ ಪೂಜೆಯಲ್ಲಿ ಹೆಂಡತಿ ಕೋವಿಗೂ ಕುಂಕುಮ ಇಟ್ಟಳು. ಕಬ್ಬಿಣದ ಮೇಲೆ ಬೇಡ, ತುಕ್ಕು ಹಿಡಿಯುತ್ತದೆ ಎಂದು ಮರದ ಹಿಡಿಗೆ ಇಡಿಸಿದೆ. ಸಂಜೆ ಅಣ್ಣನಿಗೆ ಫೋನ್ ಮಾಡಿದೆ. ಅವನ ಮಗನಿಗೆ ಬೆಳೆ ರಕ್ಷಣೆಯ ಲೈಸೆನ್ಸ್ ಇದೆ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಕೋವಿ. ಅವನ ಬಳಿ ಇರುವುದು ಒಂದು, ಇನ್ನೊಂದಕ್ಕೆ ಜಾಗವಿದೆ. ಅರ್ಜಿ ಹಾಕೋಣ ಎಂದು ಮಾತಾಯಿತು. ಕೊಡುವ ಮೊದಲು ಅವನನ್ನು ಕೂರಿಸಿಕೊಂಡು ಒಂದು ಸಲ ಪೂರ್ತಿ ಬಿಚ್ಚಿಸಬೇಕು.

ಅಣ್ಣ ಮಾತಿನ ನಡುವೆ ಜಗಲಿಯ ಹೆಂಚೆಲ್ಲ ತೆಗೆಸಿ ಶೀಟ್ ಹಾಕಿಸುತ್ತೇನೆ, ಮಂಗಗಳ ಕಾಟ ತಡೆಯಲಾಗುತ್ತಿಲ್ಲ ಅಂದ. ಪಕ್ಕದಲ್ಲಿದ್ದ ಮಗ ನನ್ನ ಕೈಯಿಂದ ಫೋನ್ ತೆಗೆದುಕೊಂಡ.

"ದೊಡ್ಡಪ್ಪಾ, ಆ ಗಾಜಿನ ಹೆಂಚು ಒಡೀಬೇಡಿ. ತೆಗೆದಿಡಿ, ನಾನು ಬಂದು ತಗೊಂಡು ಹೋಗ್ತೀನಿ."