ನಮ್ಮವರೆಂಬ ಅಂಗಳ

ದೇವರಿಲ್ಲ ಎನ್ನುವವರಿಗೆ ಎಲ್ಲರೂ ಕೇಳುವ ಪ್ರಶ್ನೆಯೊಂದಿದೆ. ಮದುವೆಮನೆಯಲ್ಲಿ ಊಟ ಮುಗಿಸಿ ಎಲೆಯಡಿಕೆಗೆ ಕೂತಾಗ ಕೇಳುತ್ತಾರೆ. ರಾತ್ರಿ ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳುತ್ತಾರೆ. ನಾನು ವಿಜ್ಞಾನದ ಮೇಷ್ಟ್ರಾಗಿದ್ದಾಗ ಹತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದುನಿಂತು ಕೇಳಿದ್ದಳು. ಮೇಲೊಬ್ಬ ನೋಡುತ್ತಿದ್ದಾನೆ ಎಂಬ ಭಯವೇ ಇಲ್ಲದಿದ್ದರೆ, ಕೆಟ್ಟದ್ದು ಮಾಡದಂತೆ ನಿಮ್ಮನ್ನು ತಡೆಯುವುದು ಯಾವುದು?

ಕೊಂಕಿಗಾಗಿ ಕೇಳುವವರು ಕಡಿಮೆ. ಹೆಚ್ಚಿನವರು ತಿಳಿದುಕೊಳ್ಳಬೇಕೆಂದೇ ಕೇಳುತ್ತಾರೆ. ಈ ಪ್ರಶ್ನೆಗೆ ನನಗೆ ಸಿಕ್ಕಿದ ಒಳ್ಳೆಯ ಉತ್ತರ ಪುಸ್ತಕದ್ದಲ್ಲ, ನನ್ನ ಸೋದರತ್ತೆಯದು. ತೀರ್ಥಹಳ್ಳಿ ಕಡೆಯ ನಮ್ಮ ಹಳೆಯ ಮನೆಯ ಜಗಲಿಯಲ್ಲಿ ಕೂತು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದವಳು ತಲೆಯೆತ್ತದೆ ಕೇಳಿದಳು:

“ದೇವರ ಹೆದರಿಕೆನೂ ಇಲ್ಲ, ಪಾಪದ ಹೆದರಿಕೆನೂ ಇಲ್ಲ. ನಿನ್ನ ತಡೆಯೋರು ಯಾರೋ?”

“ನಂಗೆ ಟೈಫಾಯ್ಡ್ ಆದಾಗ ರಾತ್ರಿಯಿಡೀ ನಿದ್ದೆಗೆಟ್ಟು ಕೂತಿದ್ಯಲ್ಲ ಅತ್ತೆ, ಅದು ದೇವರ ಹೆದರಿಕೆಗಾ?”

“ಹುಚ್ಚು ಮಾತು. ನೀನು ನಮ್ಮನೆ ಹುಡುಗ ಅಲ್ವೇನೋ?”

ಅವಳ ಪ್ರಶ್ನೆಗೆ ಅವಳೇ ಉತ್ತರ ಕೊಟ್ಟಿದ್ದಳು. ಕಾಯಿಲೆಯ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುವ ಕೈ ಯಾವ ಶಾಸ್ತ್ರವನ್ನೂ ಕೇಳಿಕೊಂಡು ಮುಂದೆ ಬರುವುದಿಲ್ಲ. ಸ್ವರ್ಗದ ಆಸೆ, ನರಕದ ಭಯ ಆಮೇಲಿನವು. ಅವು ಹುಟ್ಟುವ ಮೊದಲೂ ಮನುಷ್ಯರು ಮಕ್ಕಳನ್ನು ಸಾಕಿದ್ದಾರೆ, ಮುದುಕರಿಗೆ ಗಂಜಿ ಕುಡಿಸಿದ್ದಾರೆ.

ಆದರೆ ಅದೇ ಅತ್ತೆ ಕೊಟ್ಟಿಗೆ ಕೆಲಸಕ್ಕೆ ಬರುತ್ತಿದ್ದ ಹೆಂಗಸಿಗೆ ಕಾಫಿ ಕೊಡುತ್ತಿದ್ದುದು ಅಂಗಳದಲ್ಲಿ, ಬೇರೆ ಲೋಟದಲ್ಲಿ. ಕುಡಿದು, ತಾನೇ ತೊಳೆದು, ಕಟ್ಟೆಯ ಮೇಲೆ ಬೋರಲು ಹಾಕಿ ಹೋಗಬೇಕಿತ್ತು. ಆಕೆಯ ಮಗುವಿಗೂ ಆ ವರ್ಷ ಜ್ವರ ಬಂದಿತ್ತು. ಅತ್ತೆ ಕಷಾಯದ ಪುಡಿ ಕಟ್ಟಿಕೊಟ್ಟಳು, ಮರುಗಿದಳು. ಆ ಮಗುವಿನ ಪಕ್ಕ ಹೋಗಿ ಕೂರಲಿಲ್ಲ. ಅವಳಲ್ಲಿ ಕರುಣೆ ಕಡಿಮೆಯಿತ್ತು ಎಂದು ನಾನು ಹೇಳಲಾರೆ. ಕರುಣೆ ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಬೇರೆ ಯಾರೋ ಗೆರೆ ಎಳೆದು ತೋರಿಸಿದ್ದರು.

ಅಂದಿನಿಂದ ನೀತಿಯ ಪ್ರಶ್ನೆ ನನಗೆ ದೇವರು ಇದ್ದಾನೋ ಇಲ್ಲವೋ ಎಂಬಲ್ಲಿ ಕಾಣುತ್ತಿಲ್ಲ. ನಮ್ಮವರು ಎಂದು ನಾವು ಒಳಗೆ ಕರೆಯುವ ಅಂಗಳ ಎಷ್ಟು ದೊಡ್ಡದು ಎಂಬಲ್ಲಿ ಕಾಣುತ್ತದೆ.

ಧರ್ಮ ಆ ಅಂಗಳವನ್ನು ದೊಡ್ಡದು ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಜಾತಿಮತದ ಭೇದವಿಲ್ಲದೆ ಉಂಡು, ಉಳಿದು, ಓದುತ್ತಾರೆ. ಊರೂರಿನ ಬಡ ರೈತನ ಮನೆಯಲ್ಲಿ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದವನು ಆ ಮಠದ ಊಟ ಉಂಡವನಾಗಿರುವುದು ನಮ್ಮಲ್ಲಿ ಅಪರೂಪವೇನಲ್ಲ. 2019ರ ಜನವರಿ 21ರಂದು ಶಿವಕುಮಾರ ಸ್ವಾಮೀಜಿಯವರು ತಮ್ಮ 111ನೇ ವಯಸ್ಸಿನಲ್ಲಿ ತೀರಿಕೊಂಡಾಗ, ಮಕ್ಕಳ ಮಧ್ಯಾಹ್ನದ ಊಟ ಮುಗಿದ ಮೇಲೆಯೇ ಸುದ್ದಿಯನ್ನು ಹೊರಗೆ ಹೇಳಿದರು. ಅದು ಅವರದೇ ಇಚ್ಛೆಯಾಗಿತ್ತು. ಸಾವಿನ ಹೊತ್ತಿನಲ್ಲೂ ಮಕ್ಕಳ ತಟ್ಟೆಯನ್ನು ನೆನೆದ ಆ ಮನಸ್ಸಿಗೆ ನಂಬದವನಾದ ನಾನು ತಲೆಬಾಗುತ್ತೇನೆ. ಅಂಥ ಒಂದು ಅಡುಗೆಮನೆಯನ್ನು ನಾವು, ನಂಬದವರು, ಈ ನಾಡಿನಲ್ಲಿ ಕಟ್ಟಿಲ್ಲ.

ಧರ್ಮ ಅಂಗಳವನ್ನು ಕಿರಿದು ಮಾಡಿದ್ದನ್ನೂ ಕಂಡಿದ್ದೇನೆ. ಒಬ್ಬರು ಉಂಡೆದ್ದ ಎಲೆಯ ಮೇಲೆ ಇನ್ನೊಬ್ಬರು ಉರುಳಿದರೆ ಚರ್ಮರೋಗ ಹೋಗುತ್ತದೆ ಎಂಬ ನಂಬಿಕೆ ನಮ್ಮ ಕರಾವಳಿಯ ಅಂಚಿನಲ್ಲೇ ಉಳಿದುಬಂದಿತ್ತು. ಅದನ್ನು ನಿಲ್ಲಿಸಲು ವರ್ಷಗಟ್ಟಲೆ ಹೋರಾಟ ಬೇಕಾಯಿತು, ಕೋರ್ಟು ಬೇಕಾಯಿತು, ಕೊನೆಗೆ ಕಾಯ್ದೆಯೇ ಬೇಕಾಯಿತು. ಉರುಳಿದವರು ತಾವೇ ಇಷ್ಟಪಟ್ಟು ಉರುಳಿದರು ಎಂದು ವಾದಿಸಿದವರಿಗೆ ನಾನು ಹೇಳುವುದು ಇಷ್ಟು: ತನ್ನನ್ನು ತಾನು ಕೀಳೆಂದು ನಂಬುವಂತೆ ಒಬ್ಬ ಮನುಷ್ಯನಿಗೆ ಕಲಿಸುವುದಕ್ಕಿಂತ ದೊಡ್ಡ ಪಾಪ ಯಾವ ಧರ್ಮದಲ್ಲೂ ಇರಲಾರದು.

ದೇವರನ್ನು ಬಿಟ್ಟ ಮಾತ್ರಕ್ಕೆ ಈ ಗೆರೆ ಅಳಿಸುವುದಿಲ್ಲ. ಸೋವಿಯತ್ ಸರ್ಕಾರ 1931ರಲ್ಲಿ ಮಾಸ್ಕೋದ ದೊಡ್ಡ ಕ್ರೈಸ್ತ ದೇವಾಲಯವನ್ನು ಸಿಡಿಮದ್ದಿಟ್ಟು ಕೆಡವಿತು. ದೇವರನ್ನು ನಂಬಿದವರನ್ನೇ ಹೊರಗಿನವರನ್ನಾಗಿ ಮಾಡಿತು. ಅಷ್ಟು ದೂರ ಹೋಗುವುದೂ ಬೇಡ. ದೇವರ ಕೋಣೆಯಿಲ್ಲದ ಮನೆಗಳಲ್ಲೂ ಮಗಳಿಗೆ ಗಂಡು ಹುಡುಕುವಾಗ ಜಾತಿ ಕೇಳುತ್ತಾರೆ. ಅಂಥ ನಾಸ್ತಿಕತೆಯಿಂದ ಯಾರಿಗೂ ಏನೂ ಸಿಗುವುದಿಲ್ಲ.

ಹಾಗಾಗಿಯೇ ನನಗೆ ಗೋರಾ ಎಂದೇ ಹೆಸರಾದ ಗೋಪರಾಜು ರಾಮಚಂದ್ರರಾವ್ ದೊಡ್ಡವರಾಗಿ ಕಾಣುತ್ತಾರೆ. ಆಂಧ್ರದ ಈ ಸಸ್ಯಶಾಸ್ತ್ರದ ಮೇಷ್ಟ್ರು ಬ್ರಾಹ್ಮಣ ಮನೆತನದವರು. ನಾಸ್ತಿಕತೆಯ ಕಾರಣಕ್ಕೇ ಕಾಲೇಜಿನ ಕೆಲಸ ಕಳೆದುಕೊಂಡವರು. 1940ರಲ್ಲಿ ಮುದುನೂರೆಂಬ ಹಳ್ಳಿಯಲ್ಲಿ ನಾಸ್ತಿಕ ಕೇಂದ್ರ ಕಟ್ಟಿದರು. ಗಾಂಧೀಜಿಯನ್ನು ಸೇವಾಗ್ರಾಮದಲ್ಲಿ ಕಂಡು ಮಾತಾಡಿದಾಗ ದೇವರಿಲ್ಲ ಎಂಬ ಮಾತನ್ನು ಮುಚ್ಚಿಡಲಿಲ್ಲ. ಅಸ್ಪೃಶ್ಯತೆ ಹೋಗಬೇಕಾದರೆ ಕರ್ಮ, ಹಣೆಬರಹ ಎಂಬ ನಂಬಿಕೆಗಳು ಹೋಗಬೇಕು ಎಂಬುದು ಅವರ ವಾದ. ತಮ್ಮ ಹಿರಿಯ ಮಗಳನ್ನು ದಲಿತ ಯುವಕನಿಗೆ ಕೊಡಲು ನಿಶ್ಚಯಿಸಿದರು. ಆಶ್ರಮದಲ್ಲಿ ಮದುವೆ ಮಾಡಿಸಲು ಗಾಂಧೀಜಿ ಒಪ್ಪಿದರು. ಈ ಮದುವೆಯಲ್ಲಿ ದೇವರ ಹೆಸರಿನ ಬದಲು ಸತ್ಯದ ಹೆಸರು ಹೇಳೋಣ ಎಂದೂ ಒಪ್ಪಿದರು. ದಿನಕ್ಕೆರಡು ಹೊತ್ತು ಪ್ರಾರ್ಥನೆಗೆ ಕೂರುತ್ತಿದ್ದ ಮನುಷ್ಯ ಇನ್ನೊಬ್ಬರ ನಂಬದಿರುವಿಕೆಗೆ ಅಷ್ಟು ಜಾಗ ಬಿಟ್ಟುಕೊಟ್ಟರು. ಮದುವೆಯ ಹೊತ್ತಿಗೆ ಗಾಂಧೀಜಿ ಇರಲಿಲ್ಲ. ಅವರ ಕೊಲೆಯಾದ ಎರಡನೇ ತಿಂಗಳು, 1948ರ ಮಾರ್ಚ್‌ನಲ್ಲಿ, ಸೇವಾಗ್ರಾಮದಲ್ಲೇ ಆ ಮದುವೆ ನಡೆಯಿತು.

ಮರುವರ್ಷ ಇದೇ ಪ್ರಶ್ನೆ ದೇಶದ ಮುಂದೆಯೇ ಬಂತು. 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲಿ ಹರಿ ವಿಷ್ಣು ಕಾಮತ್, ಪ್ರಸ್ತಾವನೆ ದೇವರ ಹೆಸರಿನಿಂದ ಶುರುವಾಗಲಿ ಎಂದು ತಿದ್ದುಪಡಿ ತಂದರು. ಕಾಮತ್ ನಮ್ಮ ಮಂಗಳೂರಿನಲ್ಲಿ ಹುಟ್ಟಿದವರು, ಐಸಿಎಸ್ ಬಿಟ್ಟು ಸುಭಾಷರ ಜೊತೆ ಹೋದ ಧೀರರು. ಅವರ ಭಕ್ತಿ ನಿಜವಾದದ್ದು. ಆದರೂ ಅವರನ್ನು ತಡೆದವರು ನಾಸ್ತಿಕರಲ್ಲ, ಆಸ್ತಿಕರೇ. ನಾನು ನಂಬುವವನೇ, ಆದರೆ ಇದು ನಂಬಿಕೆಯನ್ನು ಹೇರಿದಂತಾಗುತ್ತದೆ ಎಂದರು ತಿರುವಾಂಕೂರಿನ ಪಟ್ಟಂ ಥಾಣು ಪಿಳ್ಳೈ. ನಂಬಿಕೆಯ ಸ್ವಾತಂತ್ರ್ಯ ಕೊಡುತ್ತೇವೆ ಎನ್ನುವ ಅದೇ ಪ್ರಸ್ತಾವನೆಗೆ ಇದು ಹೊಂದುವುದಿಲ್ಲ ಎಂದರು ಹೃದಯನಾಥ ಕುಂಜ್ರು. ದೇವರನ್ನು ಮತಕ್ಕೆ ಹಾಕುವ ಮುಜುಗರ ನಮಗೆ ತರಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಬೇಡಿಕೊಂಡರು. ಕಾಮತ್ ಪಟ್ಟು ಬಿಡಲಿಲ್ಲ. ಪರವಾಗಿ 41, ವಿರುದ್ಧವಾಗಿ 68 ಮತ ಬಿದ್ದವು. ದೇಶ ಎರಡು ಹೋಳಾಗಿ, ಧರ್ಮದ ಹೆಸರಿನಲ್ಲಿ ಲಕ್ಷಾಂತರ ಜನ ಸತ್ತು ಇನ್ನೂ ಎರಡು ವರ್ಷವಷ್ಟೇ ಕಳೆದಿತ್ತು. ಅಂಥ ಹೊತ್ತಿನಲ್ಲಿ ಪೂಜೆ, ನಮಾಜು, ಪ್ರಾರ್ಥನೆ ಬಿಡದ ಜನರೇ ಹೆಚ್ಚಿದ್ದ ಸಭೆಯೊಂದು ನನ್ನಂಥವರನ್ನೂ ಬಾಗಿಲೊಳಗೆ ಸೇರಿಸಿಕೊಂಡಿತು. ಇಂದು ನಾನು ಈ ದೇಶದಲ್ಲಿ ಅನುಭವಿಸುತ್ತಿರುವ ಸ್ವಾತಂತ್ರ್ಯ ಬಹುಮಟ್ಟಿಗೆ ಭಕ್ತರು ಕೊಟ್ಟದ್ದು. ಈ ಋಣ ನನ್ನ ಮೇಲಿದೆ.

ಅಷ್ಟು ದೊಡ್ಡ ಮನಸ್ಸು ಆಮೇಲೆ ಎಲ್ಲಿ ಹೋಯಿತು ಎಂದು ಕೇಳಿಕೊಂಡರೆ ಎದೆ ಭಾರವಾಗುತ್ತದೆ. ಅಂಧಶ್ರದ್ಧೆಯ ವಿರುದ್ಧ ದುಡಿದ ನರೇಂದ್ರ ದಾಭೋಲ್ಕರರನ್ನು 2013ರಲ್ಲಿ ಪುಣೆಯಲ್ಲಿ ಕೊಂದರು. ವಚನಗಳ ಅಧ್ಯಯನಕ್ಕೆ ಬದುಕನ್ನೇ ಕೊಟ್ಟ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆಯ ಬಾಗಿಲಲ್ಲೇ ಕೊಂದರು. ಎ.ಎನ್. ಮೂರ್ತಿರಾಯರು ತೊಂಬತ್ತು ದಾಟಿದ ಮೇಲೆ, 1991ರಲ್ಲಿ, ‘ದೇವರು’ ಎಂಬ ಪುಸ್ತಕ ತಂದು ದೇವರಿಲ್ಲ ಎಂಬ ತಮ್ಮ ನಿಲುವನ್ನು ಮೆಲುದನಿಯಲ್ಲಿ ವಾದಿಸಿದ್ದರು. ನಾಡು ಅದನ್ನು ಓದಿತು, ಚರ್ಚಿಸಿತು, ಅವರನ್ನು ಗೌರವಿಸಿತು. ಆ ಕನ್ನಡನಾಡೇ ನನಗೆ ಬೇಕು.

ಬರೀ ಬೇಕು ಎಂದರೆ ಬರುವುದಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಓದಿಗಾಗಿ ಬೆಂಗಳೂರಿಗೆ ನಡೆದೇ ಬಂದ ಎಚ್. ನರಸಿಂಹಯ್ಯನವರನ್ನು ನಾವು ಪವಾಡಗಳನ್ನು ಪ್ರಶ್ನಿಸಿದವರೆಂದು ನೆನೆಯುತ್ತೇವೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದ್ದು ಸಣ್ಣ ಧೈರ್ಯವಲ್ಲ. ಆದರೆ ಅಮೆರಿಕದಿಂದ ಡಾಕ್ಟರೇಟ್ ತಂದ ಆ ಭೌತವಿಜ್ಞಾನಿ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲಿ, ಹುಡುಗರ ನಡುವೆ, ಖಾದಿ ಪಂಚೆ ಜುಬ್ಬದಲ್ಲಿ ಬದುಕು ಕಳೆದರು. ಗೌರಿಬಿದನೂರು, ಬಾಗೇಪಲ್ಲಿಗಳಂಥ ಬರದ ಸೀಮೆಗೆ ಕಾಲೇಜು ಒಯ್ದರು. ಅವರ ಪ್ರಶ್ನೆಗಳಿಗೆ ತೂಕ ಬಂದದ್ದು ಈ ಬದುಕಿನಿಂದ. ಎದುರಿನವರ ಕಷ್ಟದಲ್ಲಿ ಪಾಲುಗೊಳ್ಳದೆ ಅವರ ನಂಬಿಕೆಯನ್ನು ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ.

ಇದನ್ನು ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. 2019ರ ಡಿಸೆಂಬರ್ 26ರ ಬೆಳಿಗ್ಗೆ ಕಂಕಣ ಸೂರ್ಯಗ್ರಹಣ. ಕೊಡಗಿನಲ್ಲಿ ಜನ ಕನ್ನಡಕ ಹಾಕಿಕೊಂಡು ಬಳೆಯಂತೆ ಉರಿಯುವ ಸೂರ್ಯನನ್ನು ನೋಡುತ್ತಿದ್ದ ಹೊತ್ತಿಗೇ, ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಗ್ರಹಣದ ಹೊತ್ತಿನಲ್ಲಿ ಹಾಗೆ ಮಾಡಿದರೆ ಕೈಕಾಲು ಸರಿಹೋಗುತ್ತವೆ ಎಂಬ ನಂಬಿಕೆ. ಅಳುತ್ತಿದ್ದ ಮಕ್ಕಳ ಚಿತ್ರ ಟಿವಿಯಲ್ಲಿ ಬಂತು. ಅಧಿಕಾರಿಗಳು ಹೋಗಿ ಬಿಡಿಸಿದರು. ನನ್ನ ಪರಿಚಯದ ವಿಚಾರವಂತರು ಆ ಹೆತ್ತವರನ್ನು ಬೈದರು, ಮೂಢರೆಂದರು. ಮೌಢ್ಯ ನಿಷೇಧ ಕಾಯ್ದೆ ಮರು ತಿಂಗಳೇ, 2020ರ ಜನವರಿಯಲ್ಲಿ, ಜಾರಿಗೆ ಬಂತು. ಬರಬೇಕಾದದ್ದೇ.

ಆದರೆ ಆ ಗುಂಡಿ ತೋಡಿದ ಕೈಗಳಲ್ಲಿ ದ್ವೇಷವಿರಲಿಲ್ಲ. ಅತ್ತೆ ನನ್ನ ಹಣೆಗೆ ಒದ್ದೆ ಬಟ್ಟೆ ಹಾಕಿದ ಪ್ರೀತಿಯೇ ಅಲ್ಲೂ ಇದ್ದದ್ದು, ದಾರಿ ಕಾಣದೆ. ಕೂಲಿಗೆ ಹೋಗುವ ತಾಯಿಯೊಬ್ಬಳು ನಡೆಯಲಾರದ ಮಗುವನ್ನು ಸೊಂಟದ ಮೇಲೆ ಹೊತ್ತು ಫಿಸಿಯೊಥೆರಪಿಗೆಂದು ಪಟ್ಟಣಕ್ಕೆ ಹೋದರೆ ಆ ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬೇರೆ. ವಾರ ವಾರ, ವರ್ಷಗಟ್ಟಲೆ ಹೋಗಬೇಕು. ಗ್ರಹಣ ಪುಕ್ಕಟೆ, ಮನೆ ಬಾಗಿಲಿಗೇ ಬರುತ್ತದೆ. ಅದನ್ನು ನಂಬಬೇಡ ಎಂದು ಆಕೆಗೆ ಹೇಳುವವನು, ಅದರ ಬದಲಿಗೆ ಏನನ್ನು ಕೈಗೆ ಕೊಡುತ್ತೇನೆ ಎಂಬುದನ್ನೂ ಹೇಳಬೇಕು. ಮೇಲೆ ಯಾರೂ ಇಲ್ಲ ಎಂದು ನಿಜವಾಗಿ ನಂಬುವವನಿಗೆ ಆ ಮಗುವನ್ನು ನೋಡಿಕೊಳ್ಳುವವರು ಮನುಷ್ಯರು ಮಾತ್ರ ಎಂಬುದೂ ಗೊತ್ತಿರಬೇಕು. ನಾಸ್ತಿಕನಿಗೆ ಪ್ರಾರ್ಥಿಸಿ ಕೈತೊಳೆದುಕೊಳ್ಳುವ ಅವಕಾಶವಿಲ್ಲ.

ಮುಂದೆ 2031ರ ಮೇ 21ರಂದು ಕೇರಳ, ತಮಿಳುನಾಡುಗಳ ಮೇಲೆ ಕಂಕಣ ಗ್ರಹಣ ಹಾದುಹೋಗುತ್ತದೆ, ನಮ್ಮಲ್ಲೂ ಪಾರ್ಶ್ವವಾಗಿ ಕಾಣುತ್ತದೆ. ಅಷ್ಟರೊಳಗೆ ಇಂಥ ಮಕ್ಕಳಿರುವ ಪ್ರತಿಯೊಂದು ಊರಿಗೂ ವಾರಕ್ಕೊಮ್ಮೆಯಾದರೂ ಫಿಸಿಯೊಥೆರಪಿ ಬಲ್ಲವರು ಹೋಗುವಂತೆ ಮಾಡಬೇಕು. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ನೋಡಿ, ಅಂಥ ಮಕ್ಕಳು ಯಾವ ಮನೆಯಲ್ಲಿದ್ದಾರೆಂದು ಆಕೆಗೆ ಗೊತ್ತಿರುತ್ತದೆ. ಮಠದವರು ಬರಲಿ, ಮಸೀದಿಯವರು ಬರಲಿ, ಚರ್ಚಿನವರು ಬರಲಿ, ದೇವರಿಲ್ಲ ಎನ್ನುವ ನಾವೂ ಬರುತ್ತೇವೆ. ನೀವೂ ಬನ್ನಿ.