ಕುಣಿಗಲ್ಲಿನ ಮನೆ, ನಾಲ್ಕು ಕೊತ್ತಿ, ಒಂದು ಗಡಿ ತಗಾದೆ

ಕುಣಿಗಲ್ ಅಂದ ತಕ್ಷಣ ಹೆಚ್ಚಿನವರಿಗೆ ನೆನಪಾಗೋದು ಎರಡೇ. ಒಂದು, ಜನಪದ ಹಾಡಿನಲ್ಲಿ ಬರೋ ಕೆರೆ. ಇನ್ನೊಂದು, ಕುದುರೆ ಫಾರಂ. ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಹೋಗೋರು ಬೈಪಾಸ್‌ನಲ್ಲೇ ಊರು ದಾಟಿಬಿಡ್ತಾರೆ. ನನ್ನಂಥ ಐಟಿ ಮಂದಿಗೆ ಮಾತ್ರ ಇದು ಶುಕ್ರವಾರ ಸಂಜೆಯ ಊರು. 2017ರಲ್ಲಿ ಬೆಂಗಳೂರು–ಹಾಸನ ರೈಲು ಮಾರ್ಗ ಶುರುವಾದ ಮೇಲೆ ಬರೋದು ಸುಲಭವಾಗಿದೆ. ಯಶವಂತಪುರದಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದರೆ, ನೆಲಮಂಗಲ ದಾಟಿದ ಮೇಲೆ ರಾಗಿ ಹೊಲ, ತೆಂಗಿನ ತೋಟ ನೋಡ್ತಾ ನೋಡ್ತಾ ಊರು ಬಂದೇಬಿಡುತ್ತೆ.

ನಮ್ಮದು ಹಳೇ ಹೆಂಚಿನ ಮನೆ. ನಡುಮನೆಯಲ್ಲಿ ರಾಗಿ ಮೂಟೆ, ಮೇಲೆ ಅಟ್ಟ, ಹಿಂದೆ ಹಿತ್ತಲು. ರಾಗಿ ಇದ್ದ ಕಡೆ ಇಲಿ, ಇಲಿ ಇದ್ದ ಕಡೆ ಕೊತ್ತಿ. ಹಾಗಾಗಿ ನಮ್ಮ ಮನೆಯಲ್ಲಿ ಕೊತ್ತಿ ಇಲ್ಲದ ಕಾಲ ನನಗೆ ಗೊತ್ತಿಲ್ಲ. ಈಗಿರೋದು ನಾಲ್ಕು: ಚುಕ್ಕಿ, ಅವಳ ಎರಡು ಹೆಣ್ಣುಮರಿಗಳು ದೊಡ್ಡವಾಗಿರೋ ಬೆಳ್ಳಿ ಮತ್ತು ಪುಟ್ಟಿ, ಜೊತೆಗೆ ಎಲ್ಲಿಂದಲೋ ಬಂದು ಸೇರಿಕೊಂಡ ಗಂಡು ಕೊತ್ತಿ ಕರಿಯ.

ಹೋದ ವರ್ಷ ಮಳೆಗಾಲದಲ್ಲಿ ಮನೆಯೊಳಗೆ ಕಾಲಿಟ್ಟರೆ ಮೂಗು ಮುಚ್ಚಿಕೊಳ್ಳೋ ಹಾಗಾಗಿತ್ತು. ಮುಂಬಾಗಿಲ ಚೌಕಟ್ಟು, ಕಿಟಕಿ ಕೆಳಗಿನ ಗೋಡೆ, ಅಪ್ಪನ ಬೈಕಿನ ಟೈರು, ಕೊನೆಗೆ ರಾಗಿ ಮೂಟೆ, ಎಲ್ಲದರ ಮೇಲೂ ಉಚ್ಚೆ. ದೇವರ ಮನೆ ಬಾಗಿಲಿಗೂ ಬಿದ್ದ ದಿನ ಅಮ್ಮನ ತಾಳ್ಮೆ ಮುಗೀತು. "ನೋಡು ಮಗಾ, ಬರೋ ಭಾನುವಾರ ಅದನ್ನ ಚೀಲಕ್ಕೆ ಹಾಕ್ಕೊಂಡು ಹೋಗಿ ಕೆರೆ ಆಚೆ ಬಿಟ್ಟು ಬಾ. ಇಲ್ಲಾಂದ್ರೆ ನಾನೇ ಬಿಡ್ತೀನಿ" ಅಂದ್ರು. ಅಪ್ಪ ಪೇಪರಿನಿಂದ ತಲೆ ಎತ್ತದೆ, "ಬಿಟ್ರೆ ರಾಗಿ ಇಲಿ ಪಾಲು" ಅಂದ್ರು. ತೀರ್ಮಾನ ನನ್ನ ಮೇಲೆ ಬಿತ್ತು.

ಚೀಲದಲ್ಲಿ ಹಾಕಿ ದೂರ ಬಿಟ್ಟು ಬರೋದು ನಮ್ಮ ಕಡೆ ಹೊಸದೇನಲ್ಲ. ಆದರೆ ಮನೆಯ ಅನ್ನಕ್ಕೆ ಒಗ್ಗಿದ ಕೊತ್ತಿಗೆ ಗೊತ್ತಿಲ್ಲದ ಜಾಗದಲ್ಲಿ ನಾಯಿ, ರಸ್ತೆ, ಹಸಿವು, ಮೂರೂ ಒಟ್ಟಿಗೆ ಎದುರಾಗುತ್ತೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರವೂ, ಸರಿಯಾದ ಕಾರಣವಿಲ್ಲದೆ ಪ್ರಾಣಿಯನ್ನ ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಬಿಟ್ಟು ಬರೋದು ಅಪರಾಧ. ಅದಕ್ಕೆ ಅಮ್ಮನ ಹತ್ತಿರ ಎರಡು ತಿಂಗಳ ಗಡುವು ಕೇಳಿದೆ.

ಮರುದಿನ ಬೆಳಿಗ್ಗೆ ಕೆರೆ ಏರಿ ಮೇಲೆ ನಡೀತಾ, ನಮ್ಮ ಬೀದಿಯ ತಾತ ಒಬ್ಬರು ಸಿಕ್ಕರು. ಹಿಂದೆ ಕುದುರೆ ನೋಡಿಕೊಳ್ಳೋ ಕೆಲಸ ಮಾಡಿದ್ದವರು. ಹೈದರ್–ಟಿಪ್ಪು ಕಾಲದಲ್ಲಿ ಸೈನ್ಯದ ಕುದುರೆಗಳಿಗೆ ಅಂತ ಶುರುವಾಯ್ತು ಅನ್ನೋ ಆ ಫಾರಂ, ಆಮೇಲೆ ಹೆಸರಾಗಿದ್ದು ರೇಸ್ ಕುದುರೆಗಳಿಗೆ. ನನ್ನ ಕಥೆ ಕೇಳಿ ತಾತ ನಕ್ಕರು. "ಗಂಡು ಕುದುರೆ ಮಾಡಲ್ವೇನಮ್ಮಾ? ಒಂದೇ ಜಾಗದಲ್ಲಿ ಲದ್ದಿ ಗುಡ್ಡೆ ಹಾಕುತ್ತೆ. ಬಂದೋರಿಗೆಲ್ಲ ಇದು ನನ್ನ ಜಾಗ ಅಂತ ಗೊತ್ತಾಗಲಿ ಅಂತ. ಅದು ಕೊಳಕುತನ ಅಲ್ಲ, ಬೋರ್ಡು" ಅಂದ್ರು.

ಬೋರ್ಡು ಅನ್ನೋ ಆ ಮಾತು ನನಗೆ ಅರ್ಧ ಉತ್ತರ ಕೊಡ್ತು. ಉಳಿದರ್ಧ ಹೇಳಿದ್ದು ಪಶುವೈದ್ಯರು. ಅವರು ಮೊದಲು ಕೇಳಿದ್ದು, "ಕೂತು ಮಾಡುತ್ತಾ, ನಿಂತು ಮಾಡುತ್ತಾ?" ಅಂತ. ಕೂತು, ನೆಲದ ಮೇಲೆ ಜಾಸ್ತಿ ಮಾಡಿದರೆ ಅದು ಬರೀ ಮೂತ್ರ ವಿಸರ್ಜನೆ. ಜಾಗ ಇಷ್ಟವಾಗದೆ ಇರಬಹುದು, ಕಾಯಿಲೆಯೂ ಇರಬಹುದು. ಗೋಡೆಗೆ ಬೆನ್ನು ಹಾಕಿ, ಬಾಲ ನೆಟ್ಟಗೆ ಎತ್ತಿ ನಡುಗಿಸ್ತಾ ಸ್ವಲ್ಪವೇ ಚಿಮುಕಿಸಿದರೆ ಅದು ಗುರುತು ಹಾಕೋದು. ಕರಿಯ ಎರಡನೇ ಪಾರ್ಟಿ. ಜೊತೆಗೆ ಒಂದು ಎಚ್ಚರಿಕೆನೂ ಕೊಟ್ಟರು: ಗಂಡು ಬೆಕ್ಕು ಮತ್ತೆ ಮತ್ತೆ ಕೂತು ಮುಕ್ಕರಿಸಿ, ಮೂತ್ರ ಬರದೇ ಕೂಗಿದರೆ ಒಂದು ದಿನವೂ ಕಾಯಬಾರದು. ಮೂತ್ರನಾಳ ಕಟ್ಟಿದರೆ ಜೀವವೇ ಹೋಗಬಹುದು.

ವಾಸನೆ ಅಷ್ಟು ಯಾಕೆ ಅಂದ್ರೆ, ಬೆಕ್ಕಿನ ಮೂತ್ರದಲ್ಲಿ ಫೆಲಿನಿನ್ ಅನ್ನೋ ಅಮೈನೋ ಆಮ್ಲ ಇರುತ್ತೆ. ಅದು ಒಡೆದಾಗ ಗಂಧಕವಿರೋ ಘಾಟಿನ ಸಂಯುಕ್ತಗಳು ಬರ್ತವೆ. ಬೀಜ ತೆಗೆಸದ ಗಂಡಿನಲ್ಲಿ ಇದರ ಪ್ರಮಾಣ ಹೆಚ್ಚು.

ಆ ವಾರಾಂತ್ಯ ಮನೆಯ ನಕ್ಷೆ ಬರೆದು, ಉಚ್ಚೆ ಬಿದ್ದ ಜಾಗಕ್ಕೆಲ್ಲ ಚುಕ್ಕಿ ಇಟ್ಟೆ. ಬಗ್ ಹುಡುಕೋ ಅಭ್ಯಾಸ ಎಲ್ಲಿ ಹೋಗುತ್ತೆ! ಮುಕ್ಕಾಲು ಚುಕ್ಕಿಗಳು ಬಾಗಿಲು, ಕಿಟಕಿ ಅಕ್ಕಪಕ್ಕ. ಉಳಿದವು ಹೊರಗಿನ ವಾಸನೆ ಹೊತ್ತು ಬರೋ ಸಾಮಾನುಗಳ ಮೇಲೆ: ಟೈರು, ಚಪ್ಪಲಿ, ನನ್ನ ಬೆಂಗಳೂರು ಬ್ಯಾಗು. ರಾತ್ರಿ ಹನ್ನೊಂದರ ಸುಮಾರಿಗೆ ಹಿತ್ತಲ ಗೋಡೆ ಮೇಲೆ ಒಂದು ಕಂದು ಬಣ್ಣದ ದಡೂತಿ ಕೊತ್ತಿ ಬಂದು ಕೂತಿದ್ದೂ ಕಂಡಿತು. ಕರಿಯ ಕಿಟಕಿಯಲ್ಲಿ ಅದನ್ನ ನೋಡಿದ, ಇಳಿದ, ಗೋಡೆಗೆ ಬೆನ್ನು ಹಾಕಿದ. ಪಾಪ, ಅವನು ನಮ್ಮ ಮನೆ ಕಾಯ್ತಾ ಇದ್ದ.

ಮೊದಲ ಕೆಲಸ ಶಸ್ತ್ರಚಿಕಿತ್ಸೆ. ನಾಲ್ಕನ್ನೂ ಒಂದೊಂದಾಗಿ ಬುಟ್ಟಿಯಲ್ಲಿ ಕಾರಿಗೆ ಹಾಕ್ಕೊಂಡು ಬೆಂಗಳೂರಿಗೆ ಕರಕೊಂಡು ಹೋಗಿ ಮಾಡಿಸಿದೆ. ನೆಲಮಂಗಲದ ತನಕ ಕರಿಯನ ಸಂಗೀತ ನಿಲ್ಲಲಿಲ್ಲ. ಬೀಜ ತೆಗೆಸಿದ ಗಂಡುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಈ ಚಾಳಿಯನ್ನ ಬಿಡ್ತವೆ ಅಥವಾ ತುಂಬಾ ಕಮ್ಮಿ ಮಾಡ್ತವೆ. ಆದರೆ ಮರುದಿನವೇ ಅಲ್ಲ, ಕೆಲವಕ್ಕೆ ವಾರಗಳು ಬೇಕು. ಹೆಣ್ಣು ಕೊತ್ತಿಗಳೂ ಬೆದೆಗೆ ಬಂದಾಗ ಹೀಗೆ ಚಿಮುಕಿಸಬಹುದು, ಅದಕ್ಕೇ ಅವಕ್ಕೂ ಮಾಡಿಸಿದ್ದು.

ಎರಡನೆಯದು ತೊಳೆಯೋದು. ಅಮ್ಮ ಬಕೆಟ್‌ಗಟ್ಟಲೆ ಫಿನಾಯಿಲ್ ಸುರೀತಿದ್ರು. ವೈದ್ಯರು ಅದನ್ನ ಪೂರ್ತಿ ನಿಲ್ಲಿಸಿಸಿದ್ರು. ಫೀನಾಲ್ ಜಾತಿಯ ರಾಸಾಯನಿಕಗಳನ್ನ ಬೆಕ್ಕಿನ ಪಿತ್ತಜನಕಾಂಗ ಸರಿಯಾಗಿ ಕರಗಿಸಿ ಹೊರಹಾಕಲ್ಲ. ಒದ್ದೆ ನೆಲದಲ್ಲಿ ನಡೆದು ಪಾದ ನೆಕ್ಕಿದರೂ ವಿಷ. ಅಮೋನಿಯ ಇರೋ ಕ್ಲೀನರ್ ಕೂಡ ಬೇಡ, ಆ ವಾಸನೆಯೇ ಮೂತ್ರದ ಹಾಗಿರೋದ್ರಿಂದ ಅಲ್ಲೇ ಮತ್ತೆ ಮಾಡೋಕೆ ಕರೆದ ಹಾಗಾಗುತ್ತೆ. ಸೋಪಿನ ನೀರಲ್ಲಿ ತೊಳೆದು, ಆಮೇಲೆ ಪೆಟ್ ಅಂಗಡಿಯಲ್ಲಿ ಸಿಗೋ ಎಂಜೈಮ್ ಕ್ಲೀನರ್ ಹಾಕಿ ತಾನಾಗೇ ಒಣಗೋಕೆ ಬಿಟ್ಟೆವು.

ಮೂರನೆಯದು ಜಾಗ ಹಂಚಿಕೆ. ನಾಲ್ಕಕ್ಕೂ ಒಂದೇ ತಟ್ಟೆ ಇತ್ತು, ನಾಲ್ಕು ಮೂಲೆಗೆ ನಾಲ್ಕು ಮಾಡಿದೆವು. ಒಂದು ತಟ್ಟೆ ಬೇಕಂತಲೇ ಮುಂಬಾಗಿಲ ಪಕ್ಕ, ಯಾಕಂದ್ರೆ ಉಣ್ಣೋ ಜಾಗದಲ್ಲಿ ಬೆಕ್ಕು ಗುರುತು ಹಾಕೋದು ಕಮ್ಮಿ. ಎಷ್ಟು ಬೆಕ್ಕೋ ಅದಕ್ಕಿಂತ ಒಂದು ಹೆಚ್ಚು ಟ್ರೇ ಇಡಬೇಕು ಅನ್ನೋದು ನಿಯಮ. ನಮ್ಮವು ಹಗಲೆಲ್ಲ ಹಿತ್ತಲಿಗೆ ಹೋಗೋದ್ರಿಂದ ರಾತ್ರಿಗೆ ಮರಳು ಹಾಕಿದ ಹಳೇ ಬೇಸಿನ್ ಮೂರು ಸಾಕಾಯ್ತು. ಅಟ್ಟಕ್ಕೆ ಒಂದು ಏಣಿ ಒರಗಿಸಿದೆವು. ಎತ್ತರದ ಜಾಗ ಸಿಕ್ಕಿದರೆ ಅವುಗಳೊಳಗಿನ ಜಗಳ ಅರ್ಧ ಕಮ್ಮಿ. ಹಿತ್ತಲ ಕಿಟಕಿಯ ಕೆಳಭಾಗಕ್ಕೆ ಹಳೇ ಕ್ಯಾಲೆಂಡರ್ ಅಂಟಿಸಿ ಕಂದು ಕೊತ್ತಿಯ ದರ್ಶನ ಬಂದ್ ಮಾಡಿದೆವು. ಬೈಯೋದು, ಹೊಡೆಯೋದು ಪೂರ್ತಿ ನಿಂತಿತು. ಹೆದರಿದ ಬೆಕ್ಕು ಇನ್ನೂ ಜಾಸ್ತಿ ಗುರುತು ಹಾಕುತ್ತೆ.

ಪ್ರತಿ ವಾರ ಬಂದಾಗ ನಕ್ಷೆಯಲ್ಲಿ ಚುಕ್ಕಿ ಇಡ್ತಾ ಹೋದೆ. ಮೊದಲ ವಾರ ಹನ್ನೊಂದು. ನಾಲ್ಕನೇ ವಾರ ಐದು. ಎಂಟನೇ ವಾರ ಒಂದೇ, ಅದೂ ಬೈಕಿನ ಟೈರಿಗೆ. ಅಪ್ಪ ಬೈಕನ್ನ ಹೊರಗೆ ನಿಲ್ಲಿಸೋಕೆ ಶುರು ಮಾಡಿದ್ರು, ಅಲ್ಲಿಗೆ ಅದೂ ಮುಗೀತು.

ಗಡುವು ಮುಗಿದ ಭಾನುವಾರ ಅಮ್ಮ ಚೀಲದ ಸುದ್ದಿ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಮಧ್ಯಾಹ್ನ ಪಕ್ಕದ ಮನೆ ಆಂಟಿ ಬಂದು, "ನಮ್ಮನೇಲೂ ಒಂದು ಕೊತ್ತಿ ಹಿಂಗೇ ಮಾಡ್ತಾ ಇದೆ ಕಣ್ರೀ, ಎಲ್ಲಾದ್ರೂ ಬಿಟ್ಟು ಬರಬೇಕು" ಅಂತಿದ್ರು. ಅಡುಗೆ ಮನೆಯಿಂದ ಅಮ್ಮನ ದನಿ ಕೇಳಿಸ್ತು: "ಬಿಡೋದೇನೂ ಬೇಡ ಸುಮ್ನಿರಿ. ಮೊದಲು ಹೇಳಿ, ಅದು ಕೂತು ಮಾಡುತ್ತೋ, ನಿಂತು ಮಾಡುತ್ತೋ?"